ತಕ್ಕಡಿಯಮ್ಮನ ಐದು ಈರುಳ್ಳಿ

ಈರುಳ್ಳಿ ಬೀಜ ಹಾಕಿದ ಹದಿಮೂರನೆಯ ದಿನ ಬೆಳಿಗ್ಗೆ ತಕ್ಕಡಿಯಮ್ಮ ಹಿತ್ತಲ ಮೆಟ್ಟಿಲಲ್ಲಿ ಜಾರಿ ಬಿದ್ದಳು. ಒಂದು ಕೈಯಲ್ಲಿ ಬೆಚ್ಚಗಿನ ನೀರಿನ ಚೊಂಬು, ಇನ್ನೊಂದರಲ್ಲಿ ಜರಡಿಯಾಡಿದ ಮಣ್ಣಿನ ಬಕೆಟ್ಟು. ಗೋಡೆ ಹಿಡಿಯಬೇಕಾದರೆ ಎರಡರಲ್ಲಿ ಒಂದನ್ನು ಬಿಡಬೇಕಿತ್ತು, ಅವಳು ಬಿಡಲಿಲ್ಲ. ಅಡುಗೆಮನೆಯಲ್ಲಿ ಬ್ರೆಡ್ಡು ಕಾಯಿಸುತ್ತಿದ್ದ ಸೊಸೆ ಓಡಿಬಂದು ನೋಡಿದರೆ ಅತ್ತೆ ಮೆಟ್ಟಿಲ ಬುಡದಲ್ಲಿ ಒರಗಿ ಬಿದ್ದಿದ್ದಾಳೆ, ಬಲಗಾಲು ತಿರುಗಬಾರದ ಕಡೆ ತಿರುಗಿದೆ, ಚೊಂಬು ಮಾತ್ರ ಇನ್ನೂ ಕೈಯಲ್ಲೇ ಇದೆ.

"ನನ್ನ ಮುಟ್ಬೇಡ," ಎಂದಳು ತಕ್ಕಡಿಯಮ್ಮ. "ಮೊದ್ಲು ಒಳಗೆ ಹೋಗಿ ಟ್ರೇ ನೋಡು. ಕೊಕ್ಕೆ ಬಾಗಿದೆಯಾ?"

"ಅತ್ತೆ, ಕಾಲು ಮುರಿದಿದೆ!"

"ಅದು ನಂಗೊತ್ತು. ಕೊಕ್ಕೆ ಬಾಗಿದೆಯಾ ಅಂತ ಕೇಳ್ದೆ."

ಈರುಳ್ಳಿಯ ಸಸಿ ಮಣ್ಣಿನಿಂದ ಮೇಲೇಳುವಾಗ ಮೊದಲು ತಲೆ ಬಗ್ಗಿಸಿಕೊಂಡು, ಕೂದಲಿಗೆ ಸಿಕ್ಕಿಸುವ ಪಿನ್ನಿನ ಹಾಗೆ ಮಡಚಿಕೊಂಡು ಬರುತ್ತದೆ; ಅದೇ ಕೊಕ್ಕೆ. ಹಾಗೆ ಇರುವುದು ಒಂದೆರಡು ದಿನ. ಅಷ್ಟರೊಳಗೆ ಒಂದೊಂದನ್ನೇ ಎತ್ತಿ ಬೇರೆ ಬೇರೆ ಬಟ್ಟಲಿಗೆ ನೆಟ್ಟುಬಿಡಬೇಕು. ತಲೆ ನೆಟ್ಟಗಾದ ಮೇಲೆ ಎತ್ತಿದರೆ ಬೇರಿಗೆ ಪೆಟ್ಟಾಗುತ್ತದೆ. ಪೆಟ್ಟು ತಿಂದ ಗಿಡ ಅಡುಗೆಗಾಗುವ ಗಡ್ಡೆ ಕಟ್ಟೀತು, ಪ್ರದರ್ಶನದ ಮೇಜು ಹತ್ತುವ ಗಡ್ಡೆ ಕಟ್ಟುವುದಿಲ್ಲ. ತಕ್ಕಡಿಯಮ್ಮನ ಚಿಂತೆ ಅದು.

ಸಗಟು ತರಕಾರಿ ಮಾರುಕಟ್ಟೆಯಲ್ಲಿ ಮೂವತ್ತೊಂದು ವರ್ಷ ತೂಕ ಹಾಕುವ ಕೆಲಸ ಮಾಡಿ ನಿವೃತ್ತಳಾದವಳು ಅವಳು. ಗುಲಗಂಜಿಯಷ್ಟೂ ಆಚೀಚೆ ಮಾಡಿದವಳಲ್ಲ ಎಂದು ವ್ಯಾಪಾರಿಗಳು ಹೇಳುತ್ತಿದ್ದರು. ತಕ್ಕಡಿಯಮ್ಮ ಎಂಬ ಹೆಸರೂ ಅವರಿಂದಲೇ ಅಂಟಿಕೊಂಡಿತು. ಗಂಡ ತೀರಿಕೊಂಡ ಮೇಲೆ ಹಿತ್ತಲಿನಲ್ಲಿ ಪ್ಲಾಸ್ಟಿಕ್ ಹೊದಿಸಿದ ಚಪ್ಪರ ಕಟ್ಟಿಸಿ ದೊಡ್ಡ ಈರುಳ್ಳಿ ಬೆಳೆಯುವ ಹುಚ್ಚು ಹಚ್ಚಿಕೊಂಡಳು. ಪ್ರತಿವರ್ಷ ತನ್ನ ಬೆಳೆಯಲ್ಲೇ ಒಳ್ಳೆಯ ಗಡ್ಡೆಯೊಂದನ್ನು ಎತ್ತಿಟ್ಟು, ಮರುವರ್ಷ ಅದನ್ನು ನೆಟ್ಟು, ಹೂ ಬಿಡಿಸಿ, ಕಪ್ಪು ಬೀಜ ಉದುರಿಸಿ ಇಟ್ಟುಕೊಳ್ಳುತ್ತಿದ್ದಳು. ಸೆಪ್ಟೆಂಬರಿನಲ್ಲಿ ಪುರಭವನದಲ್ಲಿ ತರಕಾರಿ ಪ್ರದರ್ಶನ. ಅಲ್ಲಿ ಒಂದೇ ಗಾತ್ರದ ಐದು ಈರುಳ್ಳಿ ಇಡುವ ಸ್ಪರ್ಧೆಯಲ್ಲಿ ನಾಲ್ಕು ವರ್ಷದಿಂದ ಅವಳದ್ದು ಎರಡನೆಯ ಸ್ಥಾನ. ಮೊದಲನೆಯದು ಬಸ್ ನಿಲ್ದಾಣದ ಎದುರು ಬೀಗದ ಅಂಗಡಿ ಇಟ್ಟವನದು. ಬೀಗದವನ ಹೆಸರೆತ್ತಿದರೆ ಅವಳಿಗೆ ಊಟ ಸೇರುತ್ತಿರಲಿಲ್ಲ.

ಸೊಸೆಗೆ ಈರುಳ್ಳಿ ಎಂದರೆ ಹೆಚ್ಚುವಾಗ ಕಣ್ಣೀರು ತರಿಸುವ ವಸ್ತು, ಅಷ್ಟೆ. ಅವಳು ಕನ್ನಡಕದ ಅಂಗಡಿಯ ಹಿಂಕೋಣೆಯಲ್ಲಿ ಗಾಜನ್ನು ಉಜ್ಜಿ, ಅಂಚು ತಿದ್ದಿ, ಚೌಕಟ್ಟಿಗೆ ಕೂರಿಸುವವಳು. ಒಂಬತ್ತು ವರ್ಷದ ಕೆಲಸ. ಅವಳ ಗಂಡ ಲಿಫ್ಟ್ ರಿಪೇರಿಯವನು. ಊರಿನಲ್ಲಿ ಯಾವ ಮಹಡಿಯಲ್ಲಿ ಯಾರು ಸಿಕ್ಕಿಕೊಂಡರೂ ಫೋನು ಬರುವುದು ಇವನಿಗೆ, ಅದೂ ತುತ್ತು ಬಾಯಿಗಿಡುವ ಹೊತ್ತಿಗೆ. ಇವರಿಬ್ಬರ ಮಗಳು ಆರು ವರ್ಷದ ಗುಬ್ಬಿ.

ಅಂದು ಸಂಜೆ ಏಳಕ್ಕೆ ಸೊಸೆ ಆಸ್ಪತ್ರೆಯಿಂದ ಬಂದು, ಗುಬ್ಬಿಗೆ ಮೊಟ್ಟೆ ಬೇಯಿಸಿಕೊಟ್ಟು, ಇನ್ನೂ ಚಪ್ಪಲಿ ಬಿಟ್ಟಿರಲಿಲ್ಲ, ಫೋನು ಬಂತು. ದಾದಿಯ ಫೋನಿನಿಂದ ತಕ್ಕಡಿಯಮ್ಮ.

"ನಾಳೆ ಆಪರೇಷನ್. ಅಷ್ಟರೊಳಗೆ ನೆಟ್ಟುಬಿಡು. ಎಲೆ ಹಿಡ್ಕೊಂಡು ಎತ್ತು, ಬೇರು ಮುಟ್ಬೇಡ. ಬೆರಳಿಂದ ಬೇಡ, ನಿನ್ನ ಬೆರಳು ಹೇಗಿದೆಯೋ ಏನೋ."

"ನನ್ನ ಬೆರಳು ಚೆನ್ನಾಗೇ ಇದೆ ಅತ್ತೆ," ಎಂದಳು ಸೊಸೆ.

ಕನ್ನಡಕದ ತಿರುಪು ಹಿಡಿಯುವ ಸಣ್ಣ ಚಿಮಟ ಅವಳ ಚೀಲದಲ್ಲಿತ್ತು. ಅದರಿಂದ ಒಂದೊಂದೇ ಸಸಿಯನ್ನು ಎತ್ತಿ, ನಲವತ್ತೆಂಟನ್ನು ನೆಟ್ಟಳು. ಒಂದೂ ಸಾಯಲಿಲ್ಲ. ತಕ್ಕಡಿಯಮ್ಮ ನೆಟ್ಟಾಗ ಆರೇಳಾದರೂ ಸಾಯುತ್ತಿದ್ದವು.

ಮೂಳೆಗೆ ಕಂಬಿ ಹಾಕಿದ ಡಾಕ್ಟರು, ಆರು ವಾರ ಕಾಲೂರಬಾರದು, ಆಮೇಲೆ ವಾಕರು, ಮೂರು ತಿಂಗಳಿಗೆ ನಡೆದಾಡಬಹುದು ಎಂದರು. ಮನೆಯಲ್ಲಿ ಯಾರಾದರೂ ಇರಲೇಬೇಕು. ಸೊಸೆ ಹೋಗಿ ಕನ್ನಡಕದ ಯಜಮಾನರ ಎದುರು ನಿಂತಳು.

"ಮೂರು ತಿಂಗಳು," ಎಂದರು ಅವರು. "ಅಲ್ಲೀವರೆಗೆ ನಿಮ್ಮ ಯಂತ್ರಕ್ಕೆ ಬಟ್ಟೆ ಹೊದಿಸಿಡ್ತೀನಿ. ನಾನೂ ಅಂಗಡಿ ನಡೆಸ್ಬೇಕಲ್ಲಮ್ಮಾ."

ಮುಂದಿನ ಕೋಣೆಯಲ್ಲಿ ಮಂಚ ಹಾಕಿದರು. ಮಂಚದ ಪಕ್ಕದಲ್ಲೇ ಬಟ್ಟಲುಗಳ ಮೇಜು, ಮೇಲೆ ಎರಡು ಟ್ಯೂಬ್‌ಲೈಟು, ಬೆಳಿಗ್ಗೆ ಐದರಿಂದ ರಾತ್ರಿ ಒಂಬತ್ತರವರೆಗೆ ಉರಿಯಬೇಕು. ತಕ್ಕಡಿಯಮ್ಮ ಮಲಗಿದಲ್ಲಿಂದಲೇ ದರಬಾರು ನಡೆಸತೊಡಗಿದಳು.

"ನೀರು ಜಾಸ್ತಿ ಆಯ್ತು."

"ನಿನ್ನೆ ಹಾಕಿದಷ್ಟೇ ಹಾಕಿದ್ದು."

"ನಿನ್ನೆ ಬಿಸಿಲಿತ್ತು. ಇವತ್ತು ಮೋಡ. ಮೋಡ ಇದ್ದ ದಿನ ನಿಂಗೂ ಬಾಯಾರಿಕೆ ಕಮ್ಮಿ ಅಲ್ವಾ?"

"ನಂಗೆ ಬಾಯಾರಿಕೆ ಆಗೋಕೆ ಪುರುಸೊತ್ತಿಲ್ಲ ಅತ್ತೆ. ನಿಮ್ಮ ಬೆಡ್‌ಪ್ಯಾನು, ಅವಳ ಸ್ಕೂಲು, ಇವರ ಡಬ್ಬಿ, ಮಧ್ಯದಲ್ಲಿ ಈ ನಲವತ್ತೆಂಟು ಮಕ್ಕಳು."

ತಕ್ಕಡಿಯಮ್ಮನಿಗೆ ನಗು ಬಂತು. ನಗಿಸಬೇಡ, ಕಂಬಿ ಎಳೆಯುತ್ತದೆ ಎಂದು ಬೈದಳು.

ದಿನಗಳು ಹೀಗೆ ಹೋದವು. ಸೊಸೆ ಸಸಿಗಳನ್ನು ಬಟ್ಟಲಿನಿಂದ ಕುಂಡಕ್ಕೆ ಬದಲಿಸಿದಳು, ಜೋತುಬಿದ್ದ ಎಲೆಗಳಿಗೆ ಕಡ್ಡಿ ಊರಿ ಕ್ಲಿಪ್ಪು ಹಾಕಿದಳು. ಒಂದು ದಿನ ಅನ್ನ ಬಡಿಸುತ್ತಾ ತಾನಾಗಿಯೇ, "ಆ ಹದಿನೇಳನೇದರ ಕುತ್ತಿಗೆ ನೋಡಿದ್ರಾ? ನನ್ನ ಕಿರುಬೆರಳಷ್ಟಾಗಿದೆ," ಎಂದಳು. ಹೇಳಿದ ಮೇಲೆ ನಾಚಿಕೆಯೆನಿಸಿತು. ತಕ್ಕಡಿಯಮ್ಮ ತಟ್ಟೆ ಪಕ್ಕಕ್ಕಿಟ್ಟು ಸೊಸೆಯ ಕೈ ಹಿಡಿದುಕೊಂಡು ನೋಡಿದಳು. ಗಾಜು ಉಜ್ಜಿ ಉಜ್ಜಿ ನಯವಾದ ಬೆರಳ ತುದಿ.

"ಇಷ್ಟು ವರ್ಷ ಈ ಕೈಯನ್ನ ಪರರ ಅಂಗಡೀಲಿಟ್ಟಿದ್ವಿ," ಎಂದಳು.

"ನನ್ನ ಕೈ ಅಲ್ಲೇ ಚೆನ್ನಾಗಿತ್ತು. ಏಪ್ರಿಲ್ ಬಂದ್ರೆ ವಾಪಸ್ ಹೋಗುತ್ತೆ," ಎಂದಳು ಸೊಸೆ ನಗುತ್ತಲೇ.

ಮಾರ್ಚ್ ಕೊನೆಗೆ ಡಾಕ್ಟರು ಎಕ್ಸ್‌ರೇ ತೆಗೆಸಿ ನೋಡಿ, ಮೂಳೆ ಕೂಡಿದೆ, ಇನ್ನು ನಡೆಯಬೇಕು ಎಂದರು. ಅದೇ ವಾರ ಗಿಡಗಳನ್ನು ಚಪ್ಪರದ ಮಣ್ಣಿಗೆ ಇಳಿಸಿದ್ದರು. ತಕ್ಕಡಿಯಮ್ಮ ವಾಕರು ಹಿಡಿದು ನಾಲ್ಕು ಹೆಜ್ಜೆ ಇಟ್ಟು, "ಅಯ್ಯಪ್ಪಾ, ಆಗಲ್ಲ," ಎಂದು ಮಂಚಕ್ಕೆ ಕುಸಿದಳು. ಮರುದಿನವೂ ಹಾಗೆಯೇ. ವಾರದ ಮೇಲೂ ಹಾಗೆಯೇ.

"ಹಗಲು ಹೊತ್ತಿಗೆ ಯಾರನ್ನಾದ್ರೂ ಇಟ್ಕೊಳ್ಳೋಣ," ಎಂದಳು ಸೊಸೆ ಗಂಡನಿಗೆ. "ನನ್ನ ರಜ ಮುಗೀತು."

"ಅಮ್ಮ ಒಪ್ಪಲ್ಲ ಕಣೇ."

"ನೀವು ಕೇಳಿದ್ರಾ?"

ಅವನು ಕೇಳಿದ. ತಕ್ಕಡಿಯಮ್ಮ ಗೋಡೆ ಕಡೆ ತಿರುಗಿ, "ಕಂಡವರ ಕೈಲಿ ನನ್ನ ಮೈ ತೊಳೆಸ್ಕೊಳ್ಳಲ್ಲ. ಕಂಡವರ ಕೈಗೆ ನನ್ನ ಗಿಡಾನೂ ಕೊಡಲ್ಲ," ಎಂದಳು. ಅಷ್ಟರಲ್ಲಿ ಫೋನು ಬಂತು, ಎಂಟನೇ ಮಹಡಿ. ಸದ್ಯ, ಬದುಕಿಕೊಂಡೆ ಎನಿಸಿತು ಅವನಿಗೆ.

ಯಜಮಾನರು ಒಂದು ತಿಂಗಳು ಹೆಚ್ಚು ಕೊಟ್ಟರು. ಏಪ್ರಿಲ್ ಕೊನೆ, ಅದಕ್ಕಿಂತ ಒಂದು ದಿನವೂ ಇಲ್ಲ.

ಏಪ್ರಿಲ್ ನಡುವಿನಲ್ಲಿ ಒಂದು ಮುಂಜಾನೆ ಲಿಫ್ಟಿನವನು ಕೆಲಸ ಮುಗಿಸಿ ಹಿತ್ತಲ ಬಾಗಿಲಿನಿಂದ ಬಂದ. ಚಪ್ಪರದೊಳಗೆ ಯಾರೋ ಅಲ್ಲಾಡಿದಂತಾಯಿತು. ಇಣುಕಿದರೆ ಅಮ್ಮ. ಕೈಯಲ್ಲಿ ಕೋಲೂ ಇಲ್ಲ. ಸಾಲುಗಳ ನಡುವೆ ಬಗ್ಗಿ ನಡೆಯುತ್ತಾ, ಹಳದಿಯಾದ ಎಲೆ ಕೀಳುತ್ತಿದ್ದಾಳೆ.

"ಅಮ್ಮಾ!"

"ಕೂಗ್ಬೇಡ. ಅವಳು ಏಳ್ತಾಳೆ."

"ನೀನು ನಡೀತಿದ್ದೀಯ!"

"ನಡೀತಿದ್ದೀನಿ, ಹಾರ್ತಾ ಇಲ್ಲ. ಬಕೆಟ್ ಎತ್ತೋಕಾಗಲ್ಲ. ದಿನಕ್ಕೆ ಎರಡು ಸಲ ನೀರು, ಬಿಸಿಲಿಗೆ ಪರದೆ, ಇದೆಲ್ಲ ಒಬ್ಬಳ ಕೈಲಾಗುತ್ತಾ? ಈ ಸಲದ ಗಿಡ ನೋಡೋ. ನನ್ನ ಜನ್ಮದಲ್ಲಿ ಹೀಗೆ ಬಂದಿರ್ಲಿಲ್ಲ. ಇನ್ನೊಂದೇ ತಿಂಗಳು ಅವಳು ಮನೇಲಿದ್ರೆ ಸಾಕು."

"ಅವಳ ಕೆಲಸ..."

"ಅವಳಂಥ ಕೆಲಸಗಾರ್ತೀನ ಯಾರು ಬಿಡ್ತಾರೆ? ಕಾಯ್ತಾನೆ. ನೀನು ಬಾಯಿ ಮುಚ್ಕೊಂಡಿರು, ಮನೇಲಿ ನೆಮ್ಮದಿ ಇರುತ್ತೆ."

ಅವನು ಬಾಯಿ ಮುಚ್ಚಿಕೊಂಡಿದ್ದ. ಅದು ಅವನಿಗೆ ಹೊಸದೇನಲ್ಲ.

ತಿಂಗಳ ಕೊನೆಯ ದಿನ ತಕ್ಕಡಿಯಮ್ಮನಿಗೆ ಸೊಂಟದಲ್ಲಿ ವಿಪರೀತ ನೋವು. ಬೆಳಿಗ್ಗೆಯಿಂದ ನರಳಿದಳು. ಸೊಸೆ ಬಿಸಿನೀರಿನ ಚೀಲವಿಟ್ಟು ಪಕ್ಕದಲ್ಲೇ ಕೂತಳು, ಅಂಗಡಿಗೆ ಹೋಗಲಿಲ್ಲ. ಎರಡು ದಿನ ಕೊಡಿ ಎಂದು ಫೋನು ಮಾಡಿದರೆ ಆ ಕಡೆಯಿಂದ ಯಾರೂ ಎತ್ತಲಿಲ್ಲ. ಮೂರನೆಯ ದಿನ ನೋವು ಕಡಿಮೆಯೆಂದಾಗ ಬಸ್ಸು ಹಿಡಿದು ಹೋದಳು. ಹಿಂಕೋಣೆಯಲ್ಲಿ ಅವಳ ಯಂತ್ರದ ಮುಂದೆ ಬೇರೊಬ್ಬಳು ಕೂತಿದ್ದಳು. ಅವಳ ಕುರ್ಚಿಯ ಎತ್ತರವನ್ನೂ ಬದಲಿಸಿಕೊಂಡಿದ್ದಳು.

"ಹೇಳಿದ್ನಲ್ಲಮ್ಮಾ, ಒಂದು ದಿನವೂ ಇಲ್ಲ ಅಂತ," ಎಂದರು ಯಜಮಾನರು, ಮುಖ ನೋಡದೆ. "ಸೋಮವಾರ ಸೇರಿಸ್ಕೊಂಡೆ. ಅವಳಿಗೂ ಮನೆ ಇದೆ."

ಮಧ್ಯಾಹ್ನ ಎರಡಕ್ಕೆ ಬರುತ್ತೇನೆಂದು ಹೇಳಿಹೋದವಳು ಹನ್ನೊಂದಕ್ಕೇ ಮನೆಗೆ ಬಂದಳು. ಮಂಚ ಖಾಲಿ. ಬಚ್ಚಲು ಖಾಲಿ. ಅತ್ತೆ ಎಲ್ಲಾದರೂ ಬಿದ್ದಳೇನೋ ಎಂದು ಹಿತ್ತಲಿಗೆ ಓಡಿದಳು. ಚಪ್ಪರದ ಬಾಗಿಲಲ್ಲಿ ವಾಕರು ನಿಂತಿತ್ತು. ಅದರ ಮೇಲೆ ಒಗೆದ ಸೀರೆಯೊಂದು ಒಣಗುತ್ತಿತ್ತು. ಒಳಗೆ ತಕ್ಕಡಿಯಮ್ಮ ಸ್ಟೂಲಿನ ಮೇಲೆ ಹತ್ತಿ ನಿಂತು, ಎರಡೂ ಕೈಯೆತ್ತಿ ಪರದೆಯ ಹಗ್ಗ ಬಿಗಿಯುತ್ತಿದ್ದಳು.

ಸೊಸೆ ಕೂಗಲಿಲ್ಲ. ಕೂಗಿದರೆ ಬಿದ್ದಾಳು ಎಂಬ ಎಚ್ಚರ ಆಗಲೂ ಇತ್ತು. ಅವಳು ಇಳಿಯುವವರೆಗೆ ಕಾದಳು.

"ಎಷ್ಟು ದಿನದಿಂದ?" ಎಂದಳು.

ತಕ್ಕಡಿಯಮ್ಮ ತಿರುಗಿದಳು. "ಇವತ್ತೇ... ಸ್ವಲ್ಪ..."

"ಅತ್ತೆ, ನೀವು ತಕ್ಕಡಿ ಹಿಡಿದವರು. ಸರಿಯಾಗಿ ಹೇಳಿ. ಎಷ್ಟು ದಿನದಿಂದ?"

"ನಾಲ್ಕು ವಾರ."

"ಮೊನ್ನೆ ಸೊಂಟ ನೋವು?"

ತಕ್ಕಡಿಯಮ್ಮ ಸ್ಟೂಲನ್ನು ಬದಿಗೆ ಸರಿಸಿಟ್ಟಳು.

"ನನ್ನ ಕೆಲಸ ಹೋಯ್ತು," ಎಂದಳು ಸೊಸೆ. "ನಿಮ್ಮ ಸೊಂಟಕ್ಕೆ ನಾನು ಬಿಸಿನೀರು ಇಡ್ತಾ ಕೂತಿದ್ದಾಗ ಹೋಯ್ತು."

"ಅವನು ಕಾಯ್ತಾನೆ ಅಂದ್ಕೊಂಡಿದ್ದೆ..."

"ಇವು ಕಾಯಲ್ಲ ಅಂತ ಗೊತ್ತಿತ್ತಲ್ಲ ನಿಮಗೆ! ಕೊಕ್ಕೆ ಕಾಯಲ್ಲ, ಬೇರು ಕಾಯಲ್ಲ, ನೀರು ಕಾಯಲ್ಲ. ಮನುಷ್ಯರು ಮಾತ್ರ ಕಾಯ್ತಾರೆ ಅಂದ್ಕೊಂಡ್ರಾ?"

"ಮೊದಲ್ನೇ ಬಹುಮಾನ ಬಂದ್ರೆ ನಿಂದೂ ಅಲ್ವೇನೇ? ನಿನ್ನ ಕೈಯೇ ಅಲ್ವಾ ಇದೆಲ್ಲ?"

"ನನ್ನ ಕೈ ನನಗೆ ಬೇಕಿತ್ತು."

ಸಂಜೆ ಗಂಡ ಬಂದಾಗ ಒಲೆ ಹಚ್ಚಿರಲಿಲ್ಲ. ಗುಬ್ಬಿ ಬ್ರೆಡ್ಡಿಗೆ ಸಕ್ಕರೆ ಹಾಕಿಕೊಂಡು ತಿನ್ನುತ್ತಿದ್ದಳು. ಸೊಸೆ ನಡೆದದ್ದನ್ನೆಲ್ಲ ಹೇಳಿದಳು. ಅವನು ಕೇಳುತ್ತಾ ಕೇಳುತ್ತಾ ಶೂ ಕಟ್ಟಿನ ಗಂಟು ಬಿಚ್ಚುತ್ತಲೇ ಇದ್ದ; ಒಂದು ಗಂಟಿಗೆ ಇಷ್ಟು ಹೊತ್ತು ಬೇಕಿರಲಿಲ್ಲ.

"ನಿಮಗೆ ಗೊತ್ತಿತ್ತು," ಎಂದಳು.

"ಮನೇಲಿ ಜಗಳ ಯಾಕೆ ಅಂತ..."

"ಗೊತ್ತಿತ್ತಾ, ಇಲ್ವಾ?"

"ಗೊತ್ತಿತ್ತು."

ಅವಳು ಎದ್ದು ಗುಬ್ಬಿಯ ಹಾಸಿಗೆಯನ್ನು ತನ್ನ ಕೋಣೆಗೆ, ಅವನ ದಿಂಬನ್ನು ಹೊರಗಿನ ಬೆಂಚಿಗೆ ತಂದು ಹಾಕಿದಳು.

ಮೇ, ಜೂನ್, ಜುಲೈ. ಮನೆಯಲ್ಲಿ ಮಾತು ಬೇಕಾದಷ್ಟೇ ಆಯಿತು. ಸೊಸೆ ಎಲ್ಲರಿಗೂ ಅಡುಗೆ ಮಾಡುತ್ತಿದ್ದಳು, ಆದರೆ ಬಡಿಸುತ್ತಿರಲಿಲ್ಲ. ಪಾತ್ರೆ ಮೇಜಿನ ಮೇಲಿಟ್ಟು ಹೋಗುವಳು. ಚಪ್ಪರದ ಕಡೆ ತಲೆ ಹಾಕಲಿಲ್ಲ. ಹಗಲೆಲ್ಲ ಕೆಲಸ ಹುಡುಕುತ್ತಿದ್ದಳು. ಒಂದು ಕಡೆ ವಯಸ್ಸು ಕೇಳಿದರು, ಒಂದು ಕಡೆ ನಾಲ್ಕು ತಿಂಗಳು ಯಾಕೆ ಬಿಟ್ಟಿರಿ ಎಂದು ಕೇಳಿದರು. ಕಾರಣ ಹೇಳಿದಾಗ, ಹಾಗಾದರೆ ನಾಳೆ ನಮ್ಮಲ್ಲೂ ಹಾಗೇ ಬಿಡುತ್ತೀರಲ್ಲ ಎಂದರು.

ತಕ್ಕಡಿಯಮ್ಮ ಒಬ್ಬಳೇ ನೀರು ಹೊತ್ತಳು, ಬಕೆಟ್ಟಿನಲ್ಲಲ್ಲ, ಚೊಂಬಿನಲ್ಲಿ. ಒಂದು ಸಾಲಿಗೆ ಇಪ್ಪತ್ತು ಸಲ ಓಡಾಟ. ಗಡ್ಡೆಗಳು ಮಣ್ಣಿನಿಂದ ಮೇಲೆದ್ದು ಉಬ್ಬತೊಡಗಿದವು. ಮೊದಲು ಮುಷ್ಟಿಯಷ್ಟು, ಆಮೇಲೆ ಮೊಮ್ಮಗಳ ತಲೆಯಷ್ಟು. ಅಕ್ಕಪಕ್ಕದವರು ನೋಡಲು ಬಂದರು. ಬೀಗದವನೂ ಒಂದು ದಿನ ಬಂದು, ಸುಮ್ಮನೆ ನಿಂತು ನೋಡಿ, "ಈ ಸಲ ನಾನು ಎರಡನೇ ಕುರ್ಚಿ ಒರೆಸ್ಕೊಂಡಿರ್ತೀನಿ," ಎಂದು ಹೋದ. ನಾಲ್ಕು ವರ್ಷದಿಂದ ಕಾದಿದ್ದ ಮಾತು. ಒಳಗೆ ಬಂದು ಹೇಳಿಕೊಳ್ಳಲು ಯಾರಿದ್ದಾರೆ? ಮಗ ಬೆಂಚಿನ ಮೇಲೆ ಮಲಗಿದ್ದ. ಸೊಸೆ ಬಟ್ಟೆ ಒಗೆಯುತ್ತಿದ್ದಳು. ಗುಬ್ಬಿಗೆ ಹೇಳಿದಳು.

"ಅಮ್ಮಂಗೆ ಹೇಳ್ಲಾ?" ಎಂದು ಕೇಳಿದಳು ಗುಬ್ಬಿ.

"ಬೇಡ ಬಿಡು," ಎಂದಳು ತಕ್ಕಡಿಯಮ್ಮ.

ಮರುದಿನ ಬೆಳಿಗ್ಗೆ ಒಳ್ಳೆಯ ಸೀರೆ ಉಟ್ಟು, ಎಲ್ಲಿಗೆಂದು ಹೇಳದೆ ಬಸ್ಸು ಹತ್ತಿದಳು. ಮಧ್ಯಾಹ್ನದ ಹೊತ್ತಿಗೆ ವಾಪಸ್ ಬಂದು ಮಲಗಿಬಿಟ್ಟಳು. ಕಾಲು ಬಾತುಕೊಂಡಿತ್ತು.

ಹೋದದ್ದೆಲ್ಲಿಗೆಂದು ಸೊಸೆಗೆ ಗೊತ್ತಾದದ್ದು ನಾಲ್ಕು ದಿನದ ಮೇಲೆ, ಕನ್ನಡಕದ ಯಜಮಾನರ ಫೋನಿನಿಂದ.

"ನಿಮ್ಮತ್ತೆ ಬಂದಿದ್ರು," ಎಂದರು. "ಗಿರಾಕಿಗಳು ತುಂಬಿದ್ರು ಅಂಗಡೀಲಿ. ಅವರ ಎದುರಿಗೇ, 'ನನಗೆ ಆವಾಗ್ಲೇ ನಡೆಯೋಕೆ ಬರ್ತಿತ್ತು, ಸುಳ್ಳು ಹೇಳಿ ಸೊಸೇನ ಕೂರಿಸ್ಕೊಂಡಿದ್ದೆ, ಅವಳದ್ದೇನೂ ತಪ್ಪಿಲ್ಲ, ನೋಡಿ' ಅಂತ ಕೋಲು ನನ್ನ ಕೈಗೆ ಕೊಟ್ಟು ಅಂಗಡಿ ತುಂಬಾ ಎರಡು ಸುತ್ತು ನಡೆದು ತೋರಿಸಿದ್ರು. ಕೂತ್ಕೊಳ್ಳಿ ಅಂದ್ರೂ ಕೂರ್ಲಿಲ್ಲ. ಎಲ್ಲಿ ನೋಡ್ಬೇಕೋ ತಿಳೀಲಿಲ್ಲಮ್ಮಾ ನನಗೆ."

ಸೊಸೆ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದಳು.

"ಇಲ್ಲಿ ಜಾಗ ಇಲ್ಲ, ಅದು ಇಲ್ಲವೇ ಇಲ್ಲ. ಆದ್ರೆ ಹೊಳೆ ಆಚೆ ಗಾಜಿನ ಕಾರ್ಖಾನೆಯವರು ಕೇಳ್ತಿದ್ರು. ಎರಡು ಬಸ್ಸು ಬದಲಿಸ್ಬೇಕು, ಸಂಬಳ ಇಲ್ಲಿಗಿಂತ ಕಮ್ಮಿ. ನಾನು ಮಾತಾಡಿದ್ದೀನಿ. ಸೆಪ್ಟೆಂಬರ್ ಒಂದನೇ ತಾರೀಕು ಹೋಗಿ."

ಫೋನಿಟ್ಟು ಸೊಸೆ ಮುಂದಿನ ಕೋಣೆಯ ಬಾಗಿಲಿಗೆ ಬಂದಳು. ತಕ್ಕಡಿಯಮ್ಮ ಮಂಚದ ಮೇಲೆ ಕೂತು ಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಳು.

"ಅಲ್ಲಿಗೆ ಹೋಗೋಕೆ ನಿಮಗೆ ಯಾರು ಹೇಳಿದ್ರು?"

"ಯಾರೂ ಹೇಳ್ಲಿಲ್ಲ."

"ನನ್ನ ಮಾನಾನೂ ಹೋಯ್ತು ಅಲ್ಲಿ."

"ನಿಂದಲ್ಲ, ನಂದು," ಎಂದಳು ತಕ್ಕಡಿಯಮ್ಮ.

ಆಗಸ್ಟ್ ಕೊನೆಗೆ ಗಡ್ಡೆಗಳನ್ನು ಕಿತ್ತರು. ತಕ್ಕಡಿಯಮ್ಮ ಟೇಪು ಹಿಡಿದು ಅಳೆದು, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದ ಐದನ್ನು ಆರಿಸಿದಳು. ಹೊರಸಿಪ್ಪೆ ಸುಲಿದು, ಮುಖಕ್ಕೆ ಹಚ್ಚುವ ಪೌಡರು ಸವರಿ ಒಣಗಿಸಿ, ಕುತ್ತಿಗೆಯನ್ನು ನಾರಿನಿಂದ ಸುತ್ತಿ ಕಟ್ಟಿ, ಕತ್ತರಿಸಿದ ಪೈಪಿನ ಬಳೆಗಳ ಮೇಲೆ ಕೂರಿಸಿದಳು. ಜೇನು ಬಣ್ಣ ತಿರುಗಿ, ದೀಪ ಹಚ್ಚಿದರೆ ಹೊಳೆಯುತ್ತಿದ್ದವು.

ಪ್ರವೇಶದ ಅರ್ಜಿಯಲ್ಲಿ 'ಬೆಳೆದವರು' ಎಂಬ ಕಡೆ ತನ್ನ ಹೆಸರು ಬಿಟ್ಟು ಸೊಸೆಯ ಹೆಸರು ಬರೆದು ಮೇಜಿನ ಮೇಲಿಟ್ಟಿದ್ದಳು. ಸೊಸೆ ಓದಿದಳು. ಪೆನ್ನು ತೆಗೆದು ಅದನ್ನು ಹೊಡೆದುಹಾಕಿ, ಪಕ್ಕದಲ್ಲಿ ಅತ್ತೆಯ ಹೆಸರು ಬರೆದಳು.

"ನಿಂಗೆ ಸಲ್ಲಬೇಕಾದ್ದು ಅಂತ..."

"ನನ್ನ ಹೆಸರು ಇರಬೇಕಾಗಿದ್ದದ್ದು ಅಂಗಡಿಯ ಹಾಜರಿ ಪುಸ್ತಕದಲ್ಲಿ," ಎಂದಳು ಸೊಸೆ. ಬಿರುಸಾಗಿ ಹೇಳಲಿಲ್ಲ. ಹೇಳಿ ಚಹಾಕ್ಕಿಟ್ಟಳು.

ಒಂದನೇ ತಾರೀಕು ಶನಿವಾರ ಬಿತ್ತು. ಪ್ರದರ್ಶನವೂ ಅಂದೇ. ಮೂರು ದಿನದಿಂದ ಗುಬ್ಬಿಗೆ ಜ್ವರ. ಲಿಫ್ಟಿನವನು ಮಗಳ ಜೊತೆ ಮನೆಯಲ್ಲಿರುವುದೆಂದು ತೀರ್ಮಾನವಾಗಿತ್ತು. ಅದಕ್ಕೆಂದೇ ರಜ ಹಾಕಿದ್ದ, ಹೆಂಡತಿಯ ಮುಂದೆ ಫೋನನ್ನೂ ಆರಿಸಿ ತೋರಿಸಿದ್ದ. ಬೆಳಿಗ್ಗೆ ಆರಕ್ಕೆ ಸೊಸೆ ಡಬ್ಬಿ ಕಟ್ಟಿಕೊಂಡು, ಗುಬ್ಬಿಯ ಹಣೆ ಮುಟ್ಟಿ ನೋಡಿ ಹೊರಟಳು. ಅವಳ ಬಸ್ಸು ತಿರುವು ದಾಟಿತೋ ಇಲ್ಲವೋ, ಇವನು ಆರಿಸಿದ್ದ ಫೋನು ಹಚ್ಚಿದ. ಹಚ್ಚಿದ್ದೇ ತಡ, ಬಡಿದುಕೊಂಡಿತು. ಹನ್ನೊಂದು ಮಹಡಿಯ ಕಟ್ಟಡ, ಒಳಗೆ ಮೂವರು ಸಿಕ್ಕಿಕೊಂಡಿದ್ದಾರೆ, ಒಬ್ಬರಿಗೆ ಉಸಿರು ಕಟ್ಟುವ ಕಾಯಿಲೆ.

"ಒಂದೇ ಗಂಟೆ ಅಮ್ಮ. ಪಕ್ಕದ ಮನೆಯವರನ್ನ ಕರೆದು ಕೂರಿಸು. ನೀನು ಹೊರಡೋಕೂ ತೊಂದರೆ ಇಲ್ಲ."

ಪಕ್ಕದ ಮನೆಗೆ ಬೀಗ ಹಾಕಿತ್ತು.

ಏಳಕ್ಕೆ ಬೀಗದವನು ತನ್ನ ಗಾಡಿ ತಂದು ನಿಲ್ಲಿಸಿದ. ಇಬ್ಬರ ಗಡ್ಡೆಗಳನ್ನೂ ಒಟ್ಟಿಗೆ ಒಯ್ಯುವುದೆಂದು ಮಾತಾಗಿತ್ತು. ತಕ್ಕಡಿಯಮ್ಮ ಗುಬ್ಬಿಯನ್ನು ಹೆಗಲಿಗೆ ಹಾಕಿಕೊಂಡು ಬಾಗಿಲಿಗೆ ಬಂದಳು. ಮಗುವಿನ ಮೈ ಕಾದ ಹೆಂಚಿನಂತಿತ್ತು. ಐದು ಈರುಳ್ಳಿಯ ಪೆಟ್ಟಿಗೆ ಹೊಸ್ತಿಲ ಪಕ್ಕ ಸಿದ್ಧವಾಗಿತ್ತು.

"ಸೊಸೆಗೆ ಫೋನ್ ಮಾಡಿ," ಎಂದ ಬೀಗದವನು. "ಅರ್ಧ ದಾರಿ ಹೋಗಿರ್ತಾರಷ್ಟೆ, ಇಳಿದು ಬರ್ತಾರೆ."

ತಕ್ಕಡಿಯಮ್ಮನ ಕೈಯಲ್ಲಿ ಫೋನಿತ್ತು. ಅವಳು ಅದನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಕಿಟಕಿಯ ಮೇಲಿಟ್ಟಳು.

"ಮಾಡಲ್ಲ. ಮೊದಲ ದಿನ ಅವಳಿಗೆ."

"ಹಾಗಾದ್ರೆ ಪೆಟ್ಟಿಗೆ ಕೊಡಿ, ನಾನೇ ಇಡ್ತೀನಿ. ನನ್ನಾಣೆ, ಸರಿಯಾಗಿ ಇಡ್ತೀನಿ."

"ಬೆಳೆದವರೇ ಬಂದು ಇಡ್ಬೇಕು ಅಂತ ನಿಯಮ ಇದೆಯಲ್ಲ."

"ಯಾರು ನೋಡ್ತಾರೆ? ನೀವು ಬಂದು ಇಟ್ಟು ಹೋದ್ರಿ ಅಂತೀನಿ."

"ಬೇಡ," ಎಂದಳು ತಕ್ಕಡಿಯಮ್ಮ. "ಈ ವರ್ಷಕ್ಕೆ ಸುಳ್ಳು ಸಾಕಾಗಿದೆ."

ಬೀಗದವನು ಇನ್ನೂ ಸ್ವಲ್ಪ ಹೊತ್ತು ನಿಂತಿದ್ದ. ಎಂಟರೊಳಗೆ ಮೇಜಿನ ಮೇಲಿರಬೇಕು. ಕೊನೆಗೆ ಗಾಡಿ ಹತ್ತಿ ಹೋದ. ಗಾಡಿಯ ಸದ್ದು ನಿಂತ ಮೇಲೆ ತಕ್ಕಡಿಯಮ್ಮ ಒದ್ದೆಬಟ್ಟೆ ತಂದು ಗುಬ್ಬಿಯ ಹಣೆಗೆ ಹಾಕಿದಳು. ಬಟ್ಟೆ ಬದಲಿಸುತ್ತಾ, ಗಂಜಿ ಕುಡಿಸುತ್ತಾ, ಹೊತ್ತಿಗೆ ಸರಿಯಾಗಿ ಔಷಧಿ ಹಾಕುತ್ತಾ ಇದ್ದಳು. ಒಂಬತ್ತಾಯಿತು, ಹತ್ತಾಯಿತು, ಮಗ ಬರಲಿಲ್ಲ. ಹನ್ನೊಂದರ ಹೊತ್ತಿಗೆ, ತೀರ್ಪುಗಾರರು ಬಾಗಿಲು ಹಾಕಿಕೊಂಡು ಗಡ್ಡೆಗಳ ಕುತ್ತಿಗೆ ಒತ್ತಿ ನೋಡುವ ಸಮಯದಲ್ಲಿ, ಅವಳು ಬಚ್ಚಲಿಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟುಕೊಂಡು ಅತ್ತಳು. ಮುಖ ತೊಳೆದು ಬಂದು ಮತ್ತೆ ಮಗುವಿನ ಪಕ್ಕ ಕೂತಳು.

ಸಂಜೆ ಆರೂವರೆಗೆ ಸೊಸೆ ಬಂದಳು. ಬೆರಳ ಸಂದಿಯಲ್ಲೆಲ್ಲ ಗಾಜಿನ ಬಿಳಿ ಪುಡಿ. ಹೊಸ್ತಿಲ ಬಳಿ ಪೆಟ್ಟಿಗೆ ನೋಡಿದಳು. ಐದೂ ಬಳೆಗಳ ಮೇಲೆ ಹಾಗೇ ಕೂತಿದ್ದವು. ಒಳಗೆ ಗುಬ್ಬಿ ಬೆವರಿ ಮಲಗಿದ್ದಳು.

"ಇವರೆಲ್ಲಿ?"

"ಬೆಳಿಗ್ಗೆ ಹೋದವನು ಬಂದಿಲ್ಲ."

"ನೀವು ಹೋಗ್ಲಿಲ್ಲ."

"ಇಲ್ಲ. ಜ್ವರ ನಾಲ್ಕು ಗಂಟೆಗೆ ಇಳೀತು."

"ನನಗೆ ಯಾಕೆ ಫೋನ್ ಮಾಡ್ಲಿಲ್ಲ?"

ತಕ್ಕಡಿಯಮ್ಮ ಗುಬ್ಬಿಯ ಹೊದಿಕೆ ಸರಿಮಾಡುತ್ತಾ, "ಅಲ್ಲಿ ಹೇಗಿತ್ತು?" ಎಂದು ಕೇಳಿದಳು.

"ಯಂತ್ರ ಹಳೇದು. ಕೂರೋಕೆ ಕುರ್ಚಿ ಇಲ್ಲ, ದಿನವಿಡೀ ನಿಂತೇ ಇರ್ಬೇಕು." ಸೊಸೆ ಕೈ ತೊಳೆದುಕೊಂಡು ಬಂದು ಗೋಡೆಗೊರಗಿ ಕೂತಳು. ನೋಯುವ ಕಾಲು ಚಾಚಿ ಹೇಳಿದಳು: "ನಾನು ಮರೆತಿಲ್ಲ ಅತ್ತೆ. ಇವತ್ತು ಮನೇಲಿ ಇದ್ರಿ ಅಂತ ಮರೆತೂ ಬಿಡಲ್ಲ."

"ಮರೆತುಬಿಡು ಅಂತ ನಾನು ಕೇಳಿದ್ನಾ?"

"ಇಲ್ಲ."

"ಮತ್ತೆ? ಎದ್ದು ಊಟ ಮಾಡು. ತರಕಾರಿ ಏನೂ ಇಲ್ಲ ಮನೇಲಿ. ಹೊರಗೆ ಹೋಗೋಕಾಗ್ಲಿಲ್ಲ." ಆಮೇಲೆ ಹೊಸ್ತಿಲ ಬಳಿಯ ಪೆಟ್ಟಿಗೆ ತೋರಿಸಿ, "ಅದರಲ್ಲಿ ಒಂದು ಹೆಚ್ಲಾ?" ಎಂದಳು.

ಸೊಸೆ ಬಾಗಿಲ ಕಡೆ ನೋಡಿದಳು, ಅತ್ತೆಯ ಮುಖ ನೋಡಿದಳು. ಬೇಡ ಎನ್ನುವ ಮಾತು ಬಾಯಿಗೆ ಬಂದಿತ್ತು. "ಹೆಚ್ಚಿ," ಎಂದಳು.

ತಕ್ಕಡಿಯಮ್ಮ ನಡುವಿನದನ್ನೇ ತೆಗೆದುಕೊಂಡಳು. ಚಾಕು ಸಾಲಲಿಲ್ಲ, ಕತ್ತಿ ಬೇಕಾಯಿತು. ಎರಡು ಹೋಳಾದಾಗ ಒಳಗಿನ ಬಳೆಗಳೆಲ್ಲ ಬೆಳ್ಳಗೆ, ಒಂದೂ ಕಲೆಯಿಲ್ಲದೆ ಇದ್ದವು. ಆಲೂಗಡ್ಡೆ ಹಾಕಿ ಬಾಣಲೆಯಲ್ಲಿ ಹುರಿದಳು. ಒಂದೇ ಗಡ್ಡೆಗೆ ಬಾಣಲೆ ತುಂಬಿತು. ಅಂದು ಬಡಿಸಿದವಳೂ ಅವಳೇ.

ಊಟದ ನಡುವೆ ಲಿಫ್ಟಿನವನು ಬಂದ. ಮೈಯೆಲ್ಲ ಗ್ರೀಸು. ಮೂವರನ್ನು ಇಳಿಸಿದ್ದು, ಆಮೇಲೆ ಇನ್ನೊಂದು ಕಟ್ಟಡಕ್ಕೆ ಕರೆದದ್ದು ಎಲ್ಲವನ್ನೂ ಹೇಳುತ್ತಾ ಕೈ ತೊಳೆದು ಕೂತ. ಹಸಿದಿದ್ದ. ಎರಡು ಸಲ ಹಾಕಿಸಿಕೊಂಡು ತಿಂದ.

"ಏನಮ್ಮಾ," ಎಂದ, ತುಂಬಿದ ಬಾಯಲ್ಲೇ, "ಬಹುಮಾನ ಏನಾಯ್ತು?"

ಹೆಂಡತಿ ಹೇಳಿದಳು:

"ಅದನ್ನೇ ತಿಂತಾ ಇದ್ದೀರಿ."

ಅವನ ಬಾಯಿ ನಿಂತಿತು. ತಟ್ಟೆ ನೋಡಿದ, ಅಮ್ಮನನ್ನು ನೋಡಿದ. ತುತ್ತನ್ನು ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ.

ತಕ್ಕಡಿಯಮ್ಮ ಅವನ ಕಡೆ ತಿರುಗಲಿಲ್ಲ. "ಉಪ್ಪು ಸಾಕಾ?" ಎಂದು ಸೊಸೆಯನ್ನು ಕೇಳಿದಳು.

"ಕಮ್ಮಿಯಾಗಿದೆ," ಎಂದಳು ಸೊಸೆ.

ತಕ್ಕಡಿಯಮ್ಮ ಎದ್ದು ಹೋಗಿ ಉಪ್ಪು ತಂದುಕೊಟ್ಟಳು.